ಗಾಯ ಮಾಡಿದರೆ ಕೂದಲು ಹುಟ್ಟುತ್ತದೆಯೇ? ಓದುಗರ ಪ್ರಶ್ನೆಗಳಿಗೆ ಚರ್ಮರೋಗ ತಜ್ಞರ ಉತ್ತರ

ಕೂದಲಿನ ಬಗ್ಗೆ ಬರುವ ಪತ್ರಗಳಲ್ಲಿ ಈಚೆಗೆ ಒಂದೇ ವಿಷಯ ಮತ್ತೆ ಮತ್ತೆ ಬರುತ್ತಿದೆ: ಚರ್ಮಕ್ಕೆ ಗಾಯ ಮಾಡಿ ಕೂದಲು ಬೆಳೆಸುವುದು. ಕೆಲವರು ಇಲಿಗಳ ಪ್ರಯೋಗದ ಸುದ್ದಿ ಓದಿ ಆಸೆಯಿಂದ ಬರೆದಿದ್ದಾರೆ. ಇನ್ನು ಕೆಲವರು ಆಗಲೇ ಮನೆಯಲ್ಲಿ ಸೂಜಿ ರೋಲರ್ ಹಿಡಿದು ಶುರು ಮಾಡಿಬಿಟ್ಟಿದ್ದಾರೆ. ಅವರ ಪತ್ರ ಓದಿ ನನಗೆ ನಿಜಕ್ಕೂ ಗಾಬರಿಯಾಯಿತು. ಅದಕ್ಕೇ ಈ ಸಲದ ಜಾಗವನ್ನೆಲ್ಲ ಇದೊಂದೇ ವಿಷಯಕ್ಕೆ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 29 ವರ್ಷ. ಐದಾರು ವರ್ಷದಿಂದ ಮುಂದಲೆ, ನೆತ್ತಿ ಎರಡೂ ಬೋಳಾಗುತ್ತಾ ಬಂದಿವೆ. ಇಲಿಗಳ ಬೆನ್ನಿಗೆ ಗಾಯ ಮಾಡಿದಾಗ ಆ ಜಾಗದಲ್ಲಿ ಹೊಸ ಕೂದಲು ಹುಟ್ಟಿತು ಎಂದು ಓದಿದೆ. ಇದು ನಿಜವಾ ಡಾಕ್ಟ್ರೇ? ನಿಜವಾದರೆ ಇಷ್ಟು ವರ್ಷವಾದರೂ ಮನುಷ್ಯರಿಗೆ ಯಾಕೆ ಬಂದಿಲ್ಲ?

ಉತ್ತರ: ನಿಜ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಕಾಟ್ಸರೆಲಿಸ್, ಮಯೂಮಿ ಇಟೊ ಮತ್ತು ಸಂಗಡಿಗರು ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಅದು ಯಾಕೆ ಅಷ್ಟು ದೊಡ್ಡ ಸುದ್ದಿಯಾಯಿತು ಎಂದು ಮೊದಲು ಹೇಳುತ್ತೇನೆ. ಕೂದಲು ಹುಟ್ಟುವುದು ಚರ್ಮದೊಳಗಿನ ಪುಟ್ಟ ಚೀಲಗಳಲ್ಲಿ. ಇವಕ್ಕೆ ಫಾಲಿಕಲ್ ಎನ್ನುತ್ತೇವೆ. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಇವೆಲ್ಲ ತಯಾರಾಗಿರುತ್ತವೆ. ತಲೆಯ ಮೇಲೆ ಸುಮಾರು 1 ಲಕ್ಷ ಇರುತ್ತವೆ. ಹುಟ್ಟಿದ ಮೇಲೆ ಹೊಸದೊಂದು ಸೇರುವುದಿಲ್ಲ, ಇರುವುದನ್ನೇ ಕಾಪಾಡಿಕೊಳ್ಳಬೇಕು ಎಂದು ನಾವೆಲ್ಲ ಕಲಿತಿದ್ದೆವು. 1950ರ ದಶಕದಲ್ಲಿ ಮೊಲಗಳ ಗಾಯದೊಳಗೆ ಹೊಸ ಕೂದಲು ಕಂಡಿತೆಂದು ಕೆಲವರು ಬರೆದದ್ದುಂಟು. ಆದರೆ ಅದು ಹಾಗೇ ಮೂಲೆಗೆ ಬಿದ್ದಿತ್ತು.

2007ರ ತಂಡ ಇಲಿಯ ಬೆನ್ನಿನ ಚರ್ಮವನ್ನು ಪೂರ್ತಿ ದಪ್ಪಕ್ಕೆ ಕತ್ತರಿಸಿ ತೆಗೆಯಿತು. ಮರಿಗಳಲ್ಲಿ ಸುಮಾರು 1 ಸೆಂಟಿಮೀಟರ್ ಚೌಕ, ದೊಡ್ಡವುಗಳಲ್ಲಿ ಒಂದೂವರೆ. ಆಮೇಲೆ ಗಾಯವನ್ನು ಅದರ ಪಾಡಿಗೆ ಮಾಯಲು ಬಿಟ್ಟಿತು. ಗಾಯ ಮುಚ್ಚಿದ ಮೇಲೆ ಅದರ ನಡುವಿನಲ್ಲಿ ಹೊಸ ಫಾಲಿಕಲ್‌ಗಳು ಮೂಡಿದವು. ಪಕ್ಕದ ಫಾಲಿಕಲ್‌ಗಳು ಸರಿದು ಬಂದದ್ದಲ್ಲ. ಭ್ರೂಣದಲ್ಲಿ ಹೇಗೆ ಮೂಡುತ್ತವೋ ಹಾಗೆ, ಹೊಸದಾಗಿ. ಕೋಶಗಳು ಒಂದಕ್ಕೊಂದು ಕಳಿಸುವ 'ವಿಂಟ್' ಎಂಬ ಸಂಕೇತವನ್ನು ತಡೆದಾಗ ಅವು ಮೂಡಲಿಲ್ಲ, ಅದೇ ಸಂಕೇತವನ್ನು ಹೆಚ್ಚಿಸಿದಾಗ ಜಾಸ್ತಿ ಮೂಡಿದವು. ಒಂದು ಕೊರತೆಯಿತ್ತು: ಆ ಕೂದಲಿಗೆ ಬಣ್ಣವಿರಲಿಲ್ಲ, ಬಿಳಿಯಾಗಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾಕೆ ಇನ್ನೂ ಬಂದಿಲ್ಲ?

ಇಲಿಯ ಮೈಗೆ ಹೋಲಿಸಿದರೆ ಒಂದು ಸೆಂಟಿಮೀಟರ್ ಗಾಯ ಎಂದರೆ ಭಾರಿ ದೊಡ್ಡದು. ಸಣ್ಣ ಗಾಯಗಳಲ್ಲಿ ಹೀಗೆ ಕೂದಲು ಮೂಡುವುದಿಲ್ಲ. ಹೊಸ ಕೂದಲಿಗಾಗಿ ಮನುಷ್ಯನ ತಲೆಯ ಚರ್ಮವನ್ನು ಅಷ್ಟಗಲ ಕತ್ತರಿಸಿ ತೆಗೆಯಲು ಯಾವ ವೈದ್ಯರೂ ಒಪ್ಪಲಾರರು. ಒಪ್ಪಲೂ ಬಾರದು.

ಅದಕ್ಕಿಂತ ಮುಖ್ಯವಾದದ್ದು, ನಮ್ಮ ಗಾಯ ಮಾಯುವ ರೀತಿಯೇ ಬೇರೆ. ಇಲಿಯ ಚರ್ಮದಡಿ ತೆಳುವಾದ ಸ್ನಾಯುವಿನ ಪದರವಿದೆ. ಅದು ಗಾಯದ ಅಂಚುಗಳನ್ನು ಎಳೆದು ಹತ್ತಿರ ತರುತ್ತದೆ. ನಮ್ಮ ತಲೆಯ ಮೇಲೆ ಅಂಥ ಎಳೆತ ಕಡಿಮೆ. ಗಾಯದ ಗುಂಡಿಯನ್ನು ದೇಹ ಹೊಸ ನಾರಿನಂಥ ಅಂಗಾಂಶದಿಂದ ತುಂಬುತ್ತದೆ. ಅದೇ ಕಲೆ. ಕಲೆಯಲ್ಲಿ ಕೂದಲಿರುವುದಿಲ್ಲ. ಹುಬ್ಬು ಒಡೆದು ಹೊಲಿಗೆ ಹಾಕಿಸಿಕೊಂಡವರನ್ನು ನೋಡಿ, ಗೊತ್ತಾಗುತ್ತದೆ.

2013ರಲ್ಲಿ ಅದೇ ಪೆನ್ಸಿಲ್ವೇನಿಯಾ ತಂಡ ಇನ್ನೊಂದು ವ್ಯತ್ಯಾಸವನ್ನು ಕಂಡಿತು. ಇಲಿಯ ಚರ್ಮದ ಒಳಪದರದಲ್ಲಿ 'ಗಾಮಾ ಡೆಲ್ಟಾ ಟಿ' ಎಂಬ ರಕ್ಷಣಾ ಕೋಶಗಳು ಹೇರಳವಾಗಿವೆ. ಗಾಯವಾದಾಗ ಅವು 'ಎಫ್‌ಜಿಎಫ್9' ಎಂಬ ಪ್ರೊಟೀನನ್ನು ಬಿಡುತ್ತವೆ. ಕೂದಲು ಮೂಡುವ ಕೆಲಸಕ್ಕೆ ಚಾಲನೆ ಸಿಗುವುದು ಅದರಿಂದ. ಮನುಷ್ಯರ ಚರ್ಮದ ಆ ಪದರದಲ್ಲಿ ಈ ಕೋಶಗಳು ತೀರಾ ಕಡಿಮೆ. ಅಂದರೆ ನಾವು ಎಷ್ಟು ಗಾಯ ಮಾಡಿಕೊಂಡರೂ ಆ ಸಂದೇಶ ಹೊರಡುವುದೇ ಇಲ್ಲ.

ಹಾಗಾದರೆ ಯಾರೂ ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿದ್ದಾರೆ. ಕಾಟ್ಸರೆಲಿಸ್ ಸಹಸ್ಥಾಪಕರಾಗಿದ್ದ ಫಾಲಿಕಾ ಎಂಬ ಅಮೆರಿಕನ್ ಕಂಪನಿ, ಚರ್ಮದ ಮೇಲ್ಪದರಕ್ಕೆ ಸಣ್ಣ ಗಾಯ ಮಾಡುವ ಉಪಕರಣ ಮತ್ತು ಮೇಲೆ ಹಚ್ಚುವ ಔಷಧ ಎರಡನ್ನೂ ಸೇರಿಸಿ ವರ್ಷಗಟ್ಟಲೆ ಕೆಲಸ ಮಾಡಿತು. 2019ರಲ್ಲಿ ಅದು ಪ್ರಕಟಿಸಿದ ಫಲಿತಾಂಶದಲ್ಲಿ, ಮೂರು ತಿಂಗಳಲ್ಲಿ ಕಣ್ಣಿಗೆ ಕಾಣುವ ಕೂದಲಿನ ಎಣಿಕೆ ಶೇ 44ರಷ್ಟು ಹೆಚ್ಚಿತ್ತು. ಕೇಳಲು ಖುಷಿಯಾಗುತ್ತದೆ. ಆದರೆ ಆ ಲೆಕ್ಕ 19 ಜನರದ್ದು. ಹೇಳಿದ್ದು ಕಂಪನಿಯೇ. ಸಾವಿರಾರು ಜನರು ಬಳಸುವ ಚಿಕಿತ್ಸೆಯಾಗಿ ಅದು ಇನ್ನೂ ಹೊರಬಂದಿಲ್ಲ.

ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಎಷ್ಟು ಕಷ್ಟ ಎಂಬುದಕ್ಕೆ ಇನ್ನೊಂದು ಪ್ರಸಂಗ ಇದೆ. ಬೋಳಾದ ನೆತ್ತಿಯಲ್ಲಿ 'ಪ್ರೊಸ್ಟಗ್ಲಾಂಡಿನ್ ಡಿ2' ಎಂಬ ವಸ್ತು ಜಾಸ್ತಿ ಇರುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಇಲಿಗಳ ಗಾಯದಲ್ಲಿ ಹೊಸ ಕೂದಲು ಮೂಡುವುದನ್ನೂ ಅದು ತಡೆಯುತ್ತದೆ ಎಂದು ಮರುವರ್ಷ ತಿಳಿಯಿತು. ಎಲ್ಲವೂ ಹೊಂದುತ್ತಿತ್ತು, ಅಲ್ವಾ? ಅದರ ಕೆಲಸವನ್ನು ತಡೆಯುವ ಸೆಟಿಪಿಪ್ರಾಂಟ್ ಎಂಬ ಮಾತ್ರೆಯನ್ನು ಗಂಡಸರಿಗೆ ಕೊಟ್ಟು ನೋಡಿದರು. ಖಾಲಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ನಿಮಗೆ 29 ವರ್ಷ. ನೆತ್ತಿಯ ಫಾಲಿಕಲ್‌ಗಳಲ್ಲಿ ಹಲವು ಇನ್ನೂ ಸತ್ತಿಲ್ಲ. ಹಾರ್ಮೋನಿನ ಪ್ರಭಾವದಿಂದ ಸೊರಗಿ, ನವಿರು ಕೂದಲಷ್ಟೇ ಬಿಡುತ್ತಿವೆ. ಅವನ್ನು ಉಳಿಸಿಕೊಳ್ಳುವ ಸಮಯ ಈಗ. ಹಚ್ಚುವ ಮಿನಾಕ್ಸಿಡಿಲ್, ಗಂಡಸರಿಗೆ ಫಿನಾಸ್ಟರೈಡ್ ಮಾತ್ರೆ, ಇವೆರಡಕ್ಕೂ ದಶಕಗಳ ಪುರಾವೆ ಇದೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಕುಗ್ಗುವುದು ಉಂಟು. ಆದ್ದರಿಂದ ವೈದ್ಯರೊಡನೆ ಮಾತಾಡಿಯೇ ಶುರು ಮಾಡಿ. ಪ್ರಯೋಗಾಲಯದ ಪವಾಡಕ್ಕಾಗಿ ಕಾಯುತ್ತಾ ಇದನ್ನು ಮುಂದೂಡಬೇಡಿ. ಕಾಯುವ ಪ್ರತಿ ವರ್ಷವೂ ಒಂದಷ್ಟು ಫಾಲಿಕಲ್‌ಗಳು ಮರಳಿ ಬಾರದ ಹಾಗೆ ಹೋಗುತ್ತವೆ.

ಪ್ರಶ್ನೆ: ಗಾಯದಿಂದ ಕೂದಲು ಬರುತ್ತದೆ ಎಂದು ಕೇಳಿ 2.5 ಮಿಲಿಮೀಟರ್ ಸೂಜಿಯ ಡರ್ಮಾ ರೋಲರ್ ತರಿಸಿಕೊಂಡೆ. ದಿನ ಬಿಟ್ಟು ದಿನ, ರಕ್ತ ಬರುವ ತನಕ ಉಜ್ಜುತ್ತೇನೆ. ಈಗ ಹಕ್ಕಳೆ ಕಟ್ಟಿದೆ, ಉರಿಯೂ ಇದೆ. ಇದು ಕೆಲಸ ಮಾಡುತ್ತಿರುವ ಲಕ್ಷಣವೇ?

ಉತ್ತರ: ಅಲ್ಲ. ಇವತ್ತೇ ನಿಲ್ಲಿಸಿ. ಹಕ್ಕಳೆ ಕೀಳಬೇಡಿ. ಕೀವು, ಜ್ವರ, ಊತ, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ಕಾಯದೆ ವೈದ್ಯರ ಹತ್ತಿರ ಹೋಗಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. 'ಗಾಯದಿಂದ ಕೂದಲು' ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳನ್ನು ತುರುಕಿ ಜನರಿಗೆ ಹೇಳಲಾಗುತ್ತಿದೆ. ಗೊಂದಲ ಅಲ್ಲೇ ಶುರುವಾಗುವುದು.

ಇಲಿಯಲ್ಲಿ ನಡೆದದ್ದು ಇಡೀ ಚರ್ಮ ಹೋದ ಜಾಗದಲ್ಲಿ ಹೊಸ ಫಾಲಿಕಲ್ ಹುಟ್ಟಿದ್ದು. ರೋಲರ್ ಮಾಡುವುದು ಸೂಜಿಮೊನೆಯಷ್ಟು ತೂತು, ಅದೂ ಫಾಲಿಕಲ್‌ಗಳು ಇನ್ನೂ ಇರುವ ಚರ್ಮದಲ್ಲಿ. ಸೊರಗಿದ ಗಿಡದ ಬುಡವನ್ನು ಹದವಾಗಿ ಕೆದಕಿ ಕೊಡುವುದಕ್ಕೂ ಹೊಸ ಗಿಡ ನೆಡುವುದಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ. ರೋಲರ್‌ನಿಂದ ಮನುಷ್ಯನ ತಲೆಯಲ್ಲಿ ಹೊಸ ಫಾಲಿಕಲ್ ಹುಟ್ಟಿದೆ ಎಂದು ಯಾರೂ ತೋರಿಸಿಲ್ಲ.

ಹಾಗೆಂದು ಸೂಜಿ ಚಿಕಿತ್ಸೆ ಪೂರ್ತಿ ಸುಳ್ಳು ಎನ್ನಲಾರೆ. 2013ರಲ್ಲಿ ಮುಂಬಯಿಯ ಚರ್ಮರೋಗ ತಜ್ಞೆ ರಚಿತಾ ಧುರಟ್ ಮತ್ತು ಸಂಗಡಿಗರು 100 ಗಂಡಸರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧ ಜನರಿಗೆ ಶೇ 5ರ ಮಿನಾಕ್ಸಿಡಿಲ್ ಮಾತ್ರ. ಉಳಿದರ್ಧಕ್ಕೆ ಅದರ ಜೊತೆ ವಾರಕ್ಕೊಮ್ಮೆ 1.5 ಮಿಲಿಮೀಟರ್ ರೋಲರ್. 12 ವಾರಗಳ ನಂತರ ಗುರುತು ಮಾಡಿದ ಜಾಗದಲ್ಲಿ ಎಣಿಸಿದಾಗ, ರೋಲರ್ ಗುಂಪಿನಲ್ಲಿ ಸರಾಸರಿ 91 ಕೂದಲು ಹೆಚ್ಚಿದ್ದವು. ಬರೀ ಮಿನಾಕ್ಸಿಡಿಲ್ ಗುಂಪಿನಲ್ಲಿ 22. ಇದು ಸಣ್ಣ ವ್ಯತ್ಯಾಸವಲ್ಲ. ಆಮೇಲೆ ಬಂದ ಅಧ್ಯಯನಗಳಲ್ಲೂ ಎರಡನ್ನೂ ಸೇರಿಸಿದಾಗ ಲಾಭ ಕಂಡಿದೆ, ಆದರೆ ಹೆಚ್ಚಿನವು ಚಿಕ್ಕವು, ಕೆಲವೇ ತಿಂಗಳ ಕಾಲದವು.

ಲಾಭ ಹೇಗೆ ಬರುತ್ತದೆ? ಸೂಜಿ ಚುಚ್ಚಿದಾಗ ರಕ್ತದ ಪ್ಲೇಟ್‌ಲೆಟ್‌ಗಳು ಬೆಳವಣಿಗೆಗೆ ಬೇಕಾದ ಪ್ರೊಟೀನ್‌ಗಳನ್ನು ಬಿಡುತ್ತವೆ. ಸೊರಗಿದ ಫಾಲಿಕಲ್‌ಗೆ ಒಂದು ಚುರುಕು ಸಿಗುತ್ತದೆ. ಜೊತೆಗೆ ಮಿನಾಕ್ಸಿಡಿಲ್ ಕೆಲಸ ಮಾಡಬೇಕಾದರೆ ಚರ್ಮದಲ್ಲಿರುವ 'ಸಲ್ಫೋಟ್ರಾನ್ಸ್‌ಫರೇಸ್' ಎಂಬ ಕಿಣ್ವ ಅದನ್ನು ಮೊದಲು ಬದಲಾಯಿಸಬೇಕು. ಸೂಜಿ ಚಿಕಿತ್ಸೆಯಿಂದ ಈ ಕಿಣ್ವ ಹೆಚ್ಚುತ್ತದೆ ಎಂಬ ಸೂಚನೆಗಳಿವೆ.

ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಡಿ. ಆ ಅಧ್ಯಯನದಲ್ಲಿ ಚರ್ಮ ಸ್ವಲ್ಪ ಕೆಂಪಾದ ಕೂಡಲೇ ನಿಲ್ಲಿಸುತ್ತಿದ್ದರು. ರಕ್ತ ಸುರಿಸುವುದು ಗುರಿಯಾಗಿರಲಿಲ್ಲ. ಎರಡು ಸಲದ ನಡುವೆ ಚರ್ಮ ಮಾಯಲು ಒಂದು ವಾರ ಬಿಡುತ್ತಿದ್ದರು. ನೀವು ದಿನ ಬಿಟ್ಟು ದಿನ ಮಾಡುತ್ತಿದ್ದೀರಿ, ಅಂದರೆ ಒಂದು ಗಾಯ ಮಾಯುವ ಮೊದಲೇ ಇನ್ನೊಂದು. ಹೀಗೆ ಮಾಡಿದರೆ ಉರಿಯೂತ ಇಳಿಯುವುದೇ ಇಲ್ಲ. ಉರಿಯೂತ ಹೆಚ್ಚು ದಿನ ನಿಂತರೆ ಕಲೆ. ಕಲೆಯಾದ ಜಾಗದಲ್ಲಿ ಇದ್ದ ಫಾಲಿಕಲ್ ಕೂಡ ಹೋಗುತ್ತದೆ. ಆಳವಾಗಿ ಚುಚ್ಚಿದಷ್ಟೂ ಲಾಭ ಜಾಸ್ತಿ ಎಂಬುದಕ್ಕೂ ಆಧಾರ ಇಲ್ಲ. 0.6 ಮಿಲಿಮೀಟರಿನಷ್ಟು ಕಡಿಮೆ ಆಳದಲ್ಲೂ ಒಳ್ಳೆಯ ಫಲಿತಾಂಶ ಬಂದಿರುವ ಅಧ್ಯಯನ ಇದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ: ಆಳದ ಸೂಜಿ ಚಿಕಿತ್ಸೆ ಮನೆಯಲ್ಲಿ ಮಾಡುವಂಥದ್ದಲ್ಲ. ಬೇಕೆಂದರೆ ಚರ್ಮರೋಗ ತಜ್ಞರಲ್ಲಿ, ಶುದ್ಧ ಮಾಡಿದ ಉಪಕರಣದಿಂದ, ಮಿನಾಕ್ಸಿಡಿಲ್ ಜೊತೆಗೆ ಮಾಡಿಸಿಕೊಳ್ಳಿ. ಸೋರಿಯಾಸಿಸ್, ಲೈಕೆನ್ ಪ್ಲಾನಸ್ ಅಥವಾ ತೊನ್ನು ಇರುವವರಿಗೆ ಚುಚ್ಚಿದ ಜಾಗದಲ್ಲೇ ಆ ಕಾಯಿಲೆ ಹೊಸದಾಗಿ ಏಳಬಹುದು. ಗಾಯದ ಜಾಗದಲ್ಲಿ ಕೀಲಾಯ್ಡ್ ಎಂಬ ದಪ್ಪ ಕಲೆಯ ಗಂಟು ಏಳುವ ಮೈ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ತಲೆಯಲ್ಲಿ ಮೊಡವೆ, ನರುಲಿ ಅಥವಾ ಸೋಂಕು ಇರುವವರು ಇದರಿಂದ ದೂರ ಇರಬೇಕು. ಒಬ್ಬರ ರೋಲರ್ ಇನ್ನೊಬ್ಬರು ಬಳಸುವುದಂತೂ ಬೇಡವೇ ಬೇಡ. ಅಣ್ಣತಮ್ಮಂದಿರಾದರೂ ಸರಿ, ಗಂಡ ಹೆಂಡತಿಯಾದರೂ ಸರಿ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತದ ಮೂಲಕ ಹರಡುತ್ತವೆ.

ಪ್ರಶ್ನೆ: ರೋಲರ್ ಮಾಡಿದ ಕೂಡಲೇ ಮಿನಾಕ್ಸಿಡಿಲ್ ಹಚ್ಚಿದರೆ ಚೆನ್ನಾಗಿ ಒಳಗೆ ಇಳಿಯುತ್ತದೆ ಎನ್ನುತ್ತಾರೆ. ನಾನು ಹಾಗೆ ಮಾಡಿದ ದಿನ ಎದೆ ಡವಡವ ಎಂದು ಹೊಡೆದುಕೊಂಡಿತು. ಸಂಬಂಧ ಇದೆಯೇ?

ಉತ್ತರ: ಇರುವ ಸಾಧ್ಯತೆ ಜಾಸ್ತಿ. ಮಿನಾಕ್ಸಿಡಿಲ್ ಮೊದಲು ಬಂದದ್ದೇ ರಕ್ತದೊತ್ತಡ ಇಳಿಸುವ ಮಾತ್ರೆಯಾಗಿ. ಅದನ್ನು ತೆಗೆದುಕೊಂಡವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡ ಮೇಲೆ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಚೆನ್ನಾಗಿರುವ ಚರ್ಮದ ಮೂಲಕ ಅದು ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ತೂತು ಬಿದ್ದ ಚರ್ಮದ ಮೂಲಕ ಜಾಸ್ತಿ ಸೇರುತ್ತದೆ. ಆಗ ಎದೆ ಬಡಿತ, ತಲೆಸುತ್ತು, ಕಾಲು ಊತ ಬರಬಹುದು. ಸೂಜಿ ಚಿಕಿತ್ಸೆ ಆದ ಮೇಲೆ ಕನಿಷ್ಠ 24 ಗಂಟೆ ಏನೂ ಹಚ್ಚಬೇಡಿ. ಮೇಲೆ ಹೇಳಿದ ಅಧ್ಯಯನದಲ್ಲೂ ಹಾಗೇ ಮಾಡಿದ್ದರು. ಹೃದಯದ ತೊಂದರೆ ಇದ್ದರೆ ಮೊದಲು ನಿಮ್ಮ ವೈದ್ಯರಿಗೆ ಹೇಳಿ.

ಬೇರೆ ಸೀರಂ, ಎಣ್ಣೆ, ವಿಟಮಿನ್ ದ್ರಾವಣಗಳಿಗೂ ಇದೇ ಮಾತು. ಚರ್ಮದ ಮೇಲೆ ಹಚ್ಚಲು ಮಾಡಿದ ವಸ್ತು ತೂತಿನ ಮೂಲಕ ಒಳಗಿಳಿದರೆ ದೇಹ ಅದನ್ನು ಪರಕೀಯ ಎಂದು ಗುರುತಿಸಿ ಸುತ್ತ ಗಂಟು ಕಟ್ಟಬಹುದು. ಇನ್ನು ಕೆಲವರು ವಿಂಟ್ ಸಂಕೇತ ಹೆಚ್ಚಿಸುತ್ತದೆ ಎಂದು ಲಿಥಿಯಂ ಪುಡಿ ತರಿಸಿ, ತಾವೇ ಕಲಸಿ ಗಾಯದ ಮೇಲೆ ಹಚ್ಚಿಕೊಳ್ಳುತ್ತಿದ್ದಾರೆ. ಲಿಥಿಯಂ ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ಕಿಡ್ನಿಗೆ, ಮೆದುಳಿಗೆ ಅಪಾಯ. ಕೈಮುಗಿದು ಕೇಳುತ್ತೇನೆ, ಬೇಡ.

ಪ್ರಶ್ನೆ: ಕೂದಲು ಕಿತ್ತರೆ ಐದಾರು ಪಟ್ಟು ಕೂದಲು ಬರುತ್ತದಂತೆ. ನಿಜವೇ?

ಉತ್ತರ: ಇದೂ ಇಲಿಯ ಕಥೆಯೇ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಯ ಬೆನ್ನಿನ ಮೇಲೆ ಒಂದು ಲೆಕ್ಕದ ದಟ್ಟಣೆಯಲ್ಲಿ 200 ಕೂದಲು ಕಿತ್ತಾಗ 1,200ರವರೆಗೆ ಕೂದಲು ಬೆಳೆದವು. ಅವು ಹೊಸ ಫಾಲಿಕಲ್‌ಗಳಲ್ಲ. ಪಕ್ಕದಲ್ಲಿ ವಿಶ್ರಾಂತಿಯಲ್ಲಿದ್ದ ಫಾಲಿಕಲ್‌ಗಳು, ಕಿತ್ತವುಗಳ ಸಂಕಟದ ಸಂಕೇತ ತಲುಪಿ, ಒಟ್ಟಿಗೆ ಎಚ್ಚೆತ್ತವು. ಬೋಳಾಗುತ್ತಿರುವ ತಲೆಯಲ್ಲಿ ತೊಂದರೆ ವಿಶ್ರಾಂತಿಯದಲ್ಲ, ಸೊರಗುವುದರದ್ದು. ಕೂದಲನ್ನು ಪದೇ ಪದೇ ಕಿತ್ತರೆ ಫಾಲಿಕಲ್ ಹಾಳಾಗುತ್ತದೆ.

ಪ್ರಶ್ನೆ: ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ತಲೆಯ ಒಂದು ಕಡೆ ಅಂಗೈಯಗಲ ಕಲೆಯಾಗಿದೆ. ಅಲ್ಲಿ ಕೂದಲೇ ಇಲ್ಲ. ಈಗ ನನಗೆ 33. ಹೆಣ್ಣುಮಗಳು. ಈ ಹೊಸ ಸಂಶೋಧನೆಗಳಿಂದ ನನ್ನಂಥವರಿಗೆ ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಈ ಸಂಶೋಧನೆ ಯಾರಿಗಾದರೂ ಅತಿ ಹೆಚ್ಚು ಬೇಕಾಗಿದ್ದರೆ ಅದು ನಿಮ್ಮಂಥವರಿಗೆ. ಬೋಳುತಲೆಯವರಿಗೆ ಸೊರಗಿದ ಫಾಲಿಕಲ್ ಆದರೂ ಇರುತ್ತದೆ. ಸುಟ್ಟ ಕಲೆಯಲ್ಲಿ ಅದೂ ಇರುವುದಿಲ್ಲ.

ಆಸೆ ಹುಟ್ಟಿಸುವ ಕೆಲಸಗಳು ನಡೆದಿವೆ. ಆಫ್ರಿಕಾದಲ್ಲಿ ಮುಳ್ಳಿಲಿಗಳ ಒಂದು ಜಾತಿ ಇದೆ. ಹಿಡಿದರೆ ಚರ್ಮವನ್ನೇ ಕಳಚಿ ಓಡಿಹೋಗುತ್ತದೆ. ಆ ಜಾಗದಲ್ಲಿ ಕಲೆಯಿಲ್ಲದೆ, ಕೂದಲಿನ ಸಮೇತ ಹೊಸ ಚರ್ಮ ಬರುತ್ತದೆ ಎಂದು 2012ರಲ್ಲಿ ವರದಿಯಾಯಿತು. ಅಂದರೆ ಸಸ್ತನಿಯ ದೇಹಕ್ಕೆ ಇದು ಅಸಾಧ್ಯವಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ, ಕಣ್ಣಿನ ಕಾಯಿಲೆಗೆ ಬಳಸುವ ವರ್ಟಿಪೋರ್ಫಿನ್ ಎಂಬ ಔಷಧವನ್ನು ಇಲಿಗಳ ಗಾಯಕ್ಕೆ ಕೊಟ್ಟಿತು. ಗಾಯ ಎಳೆತವನ್ನು ಅನುಭವಿಸಿದಾಗ ಕೆಲವು ಕೋಶಗಳು ಕಲೆ ಕಟ್ಟಲು ತೊಡಗುತ್ತವೆ. ಆ ಔಷಧ ಈ ಸಂದೇಶವನ್ನು ತಡೆಯಿತು. ಕಲೆಯ ಬದಲು ಕೂದಲು, ಗ್ರಂಥಿಗಳಿರುವ ಚರ್ಮವೇ ಮರಳಿತು. ನನಗೆ ಇಲಿಯ ಕೂದಲಿನ ಸುದ್ದಿಗಿಂತ ಇದರ ಮೇಲೆ ಹೆಚ್ಚು ಭರವಸೆ ಇದೆ. ಏಕೆಂದರೆ ನಮ್ಮಲ್ಲಿ ಅಡ್ಡಿಯಾಗಿರುವುದು ಕಲೆಯೇ. ಆದರೆ ಇದು ಹೊಸ ಗಾಯದ ಮೇಲೆ ನಡೆದ ಪ್ರಯೋಗ. ವರ್ಷಗಳಷ್ಟು ಹಳೆಯ ಕಲೆಗೆ ಹಚ್ಚಿ ಕೂದಲು ತರಿಸುವ ಚಿಕಿತ್ಸೆ ಇವತ್ತು ಇಲ್ಲ.

ಇವತ್ತು ಇರುವುದು ಶಸ್ತ್ರಚಿಕಿತ್ಸೆ. ತಲೆಯ ಹಿಂಭಾಗದ ಫಾಲಿಕಲ್‌ಗಳನ್ನು ಕಲೆಯೊಳಗೆ ನೆಡಬಹುದು. ಕಲೆಯಲ್ಲಿ ರಕ್ತ ಓಡಾಟ ಕಡಿಮೆ, ಆದ್ದರಿಂದ ನೆಟ್ಟವುಗಳಲ್ಲಿ ಹಿಡಿಯುವ ಪ್ರಮಾಣವೂ ಕಡಿಮೆ. ಮೊದಲು ಸ್ವಲ್ಪ ಜಾಗದಲ್ಲಿ ನೆಟ್ಟು ನೋಡಿ, ಕೆಲವು ತಿಂಗಳ ನಂತರ ಮುಂದುವರಿಯುವವರು ಒಳ್ಳೆಯ ವೈದ್ಯರು. ಇನ್ನೊಂದು ದಾರಿ: ಕಲೆಯ ಪಕ್ಕದ ಕೂದಲಿರುವ ಚರ್ಮದಡಿ ಒಂದು ಬಲೂನ್ ಇಟ್ಟು, ವಾರಗಟ್ಟಲೆ ನಿಧಾನವಾಗಿ ಹಿಗ್ಗಿಸಿ, ಆಮೇಲೆ ಕಲೆ ತೆಗೆದು ಆ ಚರ್ಮವನ್ನು ಎಳೆದು ಮುಚ್ಚುವುದು. ಬಲೂನ್ ಇರುವಷ್ಟು ದಿನ ತಲೆ ಉಬ್ಬಿ ಕಾಣುತ್ತದೆ, ಅದಕ್ಕೆ ಮನಸ್ಸು ಸಿದ್ಧವಾಗಿರಬೇಕು. ಆದರೆ ಅಂಗೈಯಗಲದ ಕಲೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಬ್ಬ ಪ್ಲಾಸ್ಟಿಕ್ ಸರ್ಜನ್ ಅವರನ್ನು ಒಮ್ಮೆ ಕಂಡು ಬನ್ನಿ. ಆ ಕಲೆಯ ಮೇಲೆ ರೋಲರ್ ಮಾತ್ರ ಆಡಿಸಬೇಡಿ.

ಪ್ರಶ್ನೆ: ಒಂದು ಕಡೆ 'ಗಾಯ ತಂತ್ರದಿಂದ ಹೊಸ ಫಾಲಿಕಲ್ ಹುಟ್ಟಿಸುತ್ತೇವೆ, ಗ್ಯಾರಂಟಿ' ಎಂದು ಹೇಳಿ ಮುಂಗಡ ಕೇಳುತ್ತಿದ್ದಾರೆ. ಫೋಟೊಗಳನ್ನೂ ತೋರಿಸಿದರು. ನಂಬಬಹುದೇ?

ಉತ್ತರ: ಗ್ಯಾರಂಟಿ ಎಂಬ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ಹೊಸ ಫಾಲಿಕಲ್ ಹುಟ್ಟಿಸುವ ಚಿಕಿತ್ಸೆಗೆ ಯಾವ ದೇಶದ ಔಷಧ ನಿಯಂತ್ರಣ ಸಂಸ್ಥೆಯೂ ಒಪ್ಪಿಗೆ ಕೊಟ್ಟಿಲ್ಲ. ಅದು ಪ್ರಯೋಗವೇ ಆಗಿದ್ದರೆ ನೈತಿಕ ಸಮಿತಿಯ ಅನುಮತಿ ಇರಬೇಕು, ಪ್ರಯೋಗ ನೋಂದಣಿಯಾಗಿರಬೇಕು, ಅಪಾಯಗಳನ್ನು ಬರೆದ ಒಪ್ಪಿಗೆ ಪತ್ರ ನಿಮ್ಮ ಕೈಗೆ ಬರಬೇಕು. ಪರೀಕ್ಷಿಸುತ್ತಿರುವ ಔಷಧಕ್ಕೆ ನಿಮ್ಮಿಂದಲೇ ಹಣ ಕೇಳುವುದು ಅನುಮಾನ ಪಡಬೇಕಾದ ವಿಷಯ.

ಫೋಟೊಗಳ ಬಗ್ಗೆ: ಬೆಳಕು ಸ್ವಲ್ಪ ಓರೆಯಾದರೆ, ಕೂದಲು ಒಣಗಿದ್ದರೆ, ಅರ್ಧ ಇಂಚು ಹೆಚ್ಚು ಉದ್ದವಿದ್ದರೆ ಸಾಕು, ಅದೇ ತಲೆ ದಟ್ಟವಾಗಿ ಕಾಣುತ್ತದೆ. ಒಂದೇ ಬೆಳಕು, ಒಂದೇ ಕೋನ, ಒಂದೇ ಉದ್ದ ಇದ್ದರೆ ಮಾತ್ರ ಹೋಲಿಕೆ ಸರಿ. ಹಾಗೇ ಆ ವ್ಯಕ್ತಿ ಮಿನಾಕ್ಸಿಡಿಲ್ ಅಥವಾ ಫಿನಾಸ್ಟರೈಡ್ ಕೂಡ ಬಳಸುತ್ತಿದ್ದರೇ ಎಂದು ಕೇಳಿ. ಎಷ್ಟೋ ಸಲ ಅವುಗಳ ಫಲವನ್ನೇ ಹೊಸ ತಂತ್ರದ ಹೆಸರಿಗೆ ಬರೆದುಕೊಂಡಿರುತ್ತಾರೆ.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಹುಳ ತಿಂದ ಹಾಗೆ ತಲೆಯಲ್ಲಿ ಎರಡು ಕಡೆ ದುಂಡಗೆ ಕೂದಲು ಹೋಗಿದೆ. ಪರಿಚಯದವರೊಬ್ಬರು ರೋಲರ್ ಮಾಡಿಸಿ ಎಂದರು. ಮಾಡಿಸಲೇ?

ಉತ್ತರ: ಸದ್ಯಕ್ಕೆ ಬೇಡಮ್ಮ. ನೀವು ಹೇಳುವುದನ್ನು ನೋಡಿದರೆ ಇದು ಅಲೋಪೀಸಿಯಾ ಏರಿಯೇಟಾ ಇರಬಹುದು. ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತಪ್ಪಿ ಕೂದಲ ಬುಡದ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಫಾಲಿಕಲ್ ಸಾಯುವುದಿಲ್ಲ, ಆದ್ದರಿಂದ ಕೂದಲು ಮರಳುವ ಸಾಧ್ಯತೆ ಚೆನ್ನಾಗಿದೆ. ಒಂದೆರಡು ಸಣ್ಣ ತೇಪೆ ಇರುವ ಹಲವರಿಗೆ ವರ್ಷದೊಳಗೆ ತಾನಾಗಿಯೇ ಬರುತ್ತದೆ. ಬೇಗ ಬರಲಿ ಎಂದರೆ ಸ್ಟಿರಾಯ್ಡ್ ಮುಲಾಮು ಅಥವಾ ಆ ಜಾಗಕ್ಕೆ ಸಣ್ಣ ಇಂಜೆಕ್ಷನ್ ಕೊಡುತ್ತೇವೆ. ಕಾಯಿಲೆ ತೀವ್ರವಾಗಿ ಹರಡಿದವರಿಗೆ ಈಗ ಮಾತ್ರೆಗಳೂ ಬಂದಿವೆ. ಬ್ಯಾರಿಸಿಟಿನಿಬ್‌ಗೆ 2022ರಲ್ಲಿ ಅಮೆರಿಕದಲ್ಲಿ ವಯಸ್ಕರಿಗೆ ಒಪ್ಪಿಗೆ ಸಿಕ್ಕಿತು. 12 ವರ್ಷ ದಾಟಿದವರಿಗೆ ರಿಟ್ಲೆಸಿಟಿನಿಬ್‌ಗೆ 2023ರಲ್ಲಿ ಸಿಕ್ಕಿತು. ನಿಮ್ಮ ಮಗಳಿಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಾರದು.

ಆದರೂ ದುಂಡಗೆ ಕೂದಲು ಹೋಗುವುದೆಲ್ಲ ಇದೇ ಕಾಯಿಲೆ ಅಲ್ಲ. ಶಿಲೀಂಧ್ರದ ಸೋಂಕಿನಲ್ಲೂ ಹೀಗಾಗುತ್ತದೆ, ಅದಕ್ಕೆ ಔಷಧ ಬೇರೆ. ಆ ಜಾಗದ ಚರ್ಮ ನುಣ್ಣಗಿದೆಯೇ, ಹೊಟ್ಟಿನಂತೆ ಸುಲಿಯುತ್ತಿದೆಯೇ, ಕೆಂಪಾಗಿ ನೋಯುತ್ತಿದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಿ. ಈ ವಾರದಲ್ಲೇ ಚರ್ಮರೋಗ ತಜ್ಞರಿಗೆ ತೋರಿಸಿ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬುಡ ಸರಿಯಾಗಿ ಕಾಣುವುದಿಲ್ಲ.